ವೀಸಾ ಕೌಂಟರಿನಲ್ಲಿ ಎರಡು ಭಾಷೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಒಂದು ವಿದೇಶಿ ರಾಯಭಾರ ಕಚೇರಿಯ ವೀಸಾ ವಿಭಾಗದಲ್ಲಿ 21 ವರ್ಷ ಕೆಲಸ ಮಾಡಿ ನಿವೃತ್ತಳಾದೆ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಮೊದಲ ಒಂಬತ್ತು ವರ್ಷ ದುಭಾಷಿ, ಆಮೇಲಿನ ಹನ್ನೆರಡು ವರ್ಷ ವೀಸಾ ಅಧಿಕಾರಿ. ಅದನ್ನು ಓದಿ ಬಂದ ಪತ್ರಗಳು ಈಗ ಮೇಜಿನ ಮೇಲಿವೆ. ಕೆಲವರಿಗೆ ಕುತೂಹಲ, ಕೆಲವರಿಗೆ ಸಿಟ್ಟು, ಒಬ್ಬರಿಗೆ ನಿದ್ದೆ ಬರುತ್ತಿಲ್ಲ. ಕಚೇರಿಯ ಹೆಸರನ್ನಾಗಲಿ ಅರ್ಜಿದಾರರ ಗುರುತನ್ನಾಗಲಿ ಹೇಳಲು ಈಗಲೂ ನನಗೆ ಹಕ್ಕಿಲ್ಲ. ಕೆಲಸಕ್ಕೆ ಸೇರುವಾಗ ಬರೆದುಕೊಟ್ಟ ಗೋಪ್ಯತೆಯ ಮಾತು ನಿವೃತ್ತಿಯ ದಿನಕ್ಕೆ ಮುಗಿಯುವಂಥದ್ದಲ್ಲ. ಉಳಿದದ್ದನ್ನು ಮನಸ್ಸು ಬಿಚ್ಚಿ ಹೇಳುತ್ತೇನೆ.

ಪ್ರಶ್ನೆ: ಭಾಷಾಂತರ ವಿಷಯದಲ್ಲಿ ಎಂ.ಎ. ಓದುತ್ತಿದ್ದೇನೆ. ಕನ್ನಡ, ಇಂಗ್ಲಿಷ್ ಎರಡೂ ಚೆನ್ನಾಗಿ ಬರುತ್ತವೆ. ವೀಸಾ ಅಧಿಕಾರಿಯಾಗಲು ಇಷ್ಟು ಸಾಕೇ? ಕೆಲಸ ಹೇಗಿರುತ್ತದೆ?
– ಒಬ್ಬ ವಿದ್ಯಾರ್ಥಿನಿ

ಭಾಷೆ ಬೇಕೇ ಬೇಕು. ಆದರೆ ಬರೀ ಭಾಷೆ ನೋಡಿ ಯಾರೂ ವೀಸಾ ಕೊಡುವ ಅಧಿಕಾರ ಕೈಗೆ ಕೊಡುವುದಿಲ್ಲ. ವೀಸಾ ವಿಭಾಗದಲ್ಲಿ ಎರಡು ಬಗೆಯ ಜನ ಇರುತ್ತಾರೆ. ಆ ದೇಶವೇ ಕಳಿಸಿಕೊಟ್ಟ ಅಧಿಕಾರಿಗಳು ಒಂದು ಕಡೆ, ಕಚೇರಿ ಇರುವಲ್ಲೇ ನೇಮಕವಾದ ಸಿಬ್ಬಂದಿ ಇನ್ನೊಂದು ಕಡೆ. ಅಮೆರಿಕದ ವ್ಯವಸ್ಥೆಯಲ್ಲಿ ವೀಸಾ ಕೊಡುವುದೂ ನಿರಾಕರಿಸುವುದೂ ಅಮೆರಿಕದ ಪ್ರಜೆಯಾದ ಕಾನ್ಸುಲರ್ ಅಧಿಕಾರಿಯ, ಅಂದರೆ ವೀಸಾ, ಪಾಸ್‌ಪೋರ್ಟ್‌ಗಳ ಕೆಲಸ ನೋಡುವ ಅಧಿಕಾರಿಯ ಕೆಲಸ. ಸ್ಥಳೀಯ ಸಿಬ್ಬಂದಿ ಕಡತ ಸಿದ್ಧಪಡಿಸುತ್ತಾರೆ, ದಾಖಲೆ ಪರಿಶೀಲಿಸುತ್ತಾರೆ, ಭಾಷಾಂತರಿಸುತ್ತಾರೆ. ಬೇರೆ ಕೆಲವು ದೇಶಗಳು ತಾತ್ಕಾಲಿಕ ವೀಸಾಗಳ ಮಟ್ಟಿಗೆ ಸ್ಥಳೀಯರಿಗೂ ನಿರ್ಧಾರದ ಅಧಿಕಾರ ಕೊಡುತ್ತವೆ. ನಾನು ಅಂಥ ಕಚೇರಿಯಲ್ಲಿದ್ದೆ. ಹಾಗಾಗಿ ಜಾಹೀರಾತು ನೋಡುವಾಗ ಹುದ್ದೆಯ ಹೆಸರಿಗಿಂತ ಕೆಳಗೆ ಬರೆದ ಕೆಲಸದ ವಿವರವನ್ನು ಓದಿ. ಅಧಿಕಾರಿ, ಸಹಾಯಕ, ದುಭಾಷಿ ಎಂಬ ಪದಗಳು ಕಚೇರಿಯಿಂದ ಕಚೇರಿಗೆ ಬೇರೆ ಬೇರೆ ಅರ್ಥ ಕೊಡುತ್ತವೆ. ಅರ್ಜಿ, ಬೆರಳಚ್ಚು ತೆಗೆದುಕೊಳ್ಳುವ ಖಾಸಗಿ ಕೇಂದ್ರಗಳದ್ದು ಮತ್ತೆ ಬೇರೆಯೇ ಕೆಲಸ, ಅಲ್ಲಿ ಯಾವ ನಿರ್ಧಾರವೂ ಆಗುವುದಿಲ್ಲ.

ಹೊರಗಿನಿಂದ ಬರುವ ಅಧಿಕಾರಿಗಳಿಗೂ ಭಾಷೆ ಕಲಿಸುತ್ತಾರೆ. ಅಮೆರಿಕದ ರಾಜತಾಂತ್ರಿಕರಿಗೆ ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಎಂಬ ಶಾಲೆಯೇ ಇದೆ. ಅಲ್ಲಿ ಭಾಷೆಯನ್ನು 0ರಿಂದ 5ರವರೆಗೆ ಅಳೆಯುತ್ತಾರೆ. 3 ಬಂದರೆ ಆ ಭಾಷೆಯಲ್ಲಿ ಕಚೇರಿ ಕೆಲಸ ನಿಭಾಯಿಸಬಲ್ಲರು ಎಂದು ಲೆಕ್ಕ. ಯುರೋಪಿನವರು ಎ1ರಿಂದ ಸಿ2ರವರೆಗಿನ ಆರು ಮೆಟ್ಟಿಲು ಬಳಸುತ್ತಾರೆ. ಇಂಥ ಅಳತೆಯಲ್ಲಿ ನೀವು ಎಷ್ಟೇ ಮೇಲಿದ್ದರೂ ಕೌಂಟರಿನ ಕನ್ನಡ ಬೇರೆ. ಅಲ್ಲಿ ನಿಲ್ಲುವವರ ಬಾಯಿ ಒಣಗಿರುತ್ತದೆ. ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಎರಡು ಗಂಟೆ ಸಾಲಿನಲ್ಲಿ ನಿಂತು ಮನಸ್ಸಿನಲ್ಲೇ ಉರು ಹೊಡೆದ ಉತ್ತರ, ನೀವು ಕೇಳದ ಪ್ರಶ್ನೆಗೆ ಬರುತ್ತದೆ. ಗಾಜಿನ ಆಚೆಯಿಂದ ಮೈಕಿನ ಮೂಲಕ ಬರುವ ಆ ಕನ್ನಡವನ್ನು ಕೇಳಿಸಿಕೊಳ್ಳುವುದೇ ಕಸುಬು.

ನನ್ನ ದಿನ ಹೀಗಿತ್ತು. ಬೆಳಿಗ್ಗೆ ಕೌಂಟರ್, ಒಬ್ಬೊಬ್ಬರಿಗೆ ಮೂರು-ನಾಲ್ಕು ನಿಮಿಷ. ಮಧ್ಯಾಹ್ನದ ಮೇಲೆ ಕಡತ: ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಪತ್ರ, ಆಹ್ವಾನ ಪತ್ರ, ಹಳೆಯ ಪಾಸ್‌ಪೋರ್ಟಿನ ಮುದ್ರೆಗಳು. ಸಂದರ್ಶನ ಮುಗಿದ ಕೂಡಲೇ ನಾಲ್ಕೈದು ಸಾಲಿನ ಟಿಪ್ಪಣಿ ಟೈಪ್ ಮಾಡಬೇಕು. ಈ ಟಿಪ್ಪಣಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆರು ವರ್ಷದ ಮೇಲೆ ಅದೇ ಮನುಷ್ಯ ಮತ್ತೆ ಅರ್ಜಿ ಹಾಕಿದಾಗ ಬೇರೊಬ್ಬ ಅಧಿಕಾರಿ ಓದುವುದು ನಿಮ್ಮ ಆ ನಾಲ್ಕು ಸಾಲನ್ನೇ. ಆ ಹೊತ್ತಿಗೆ ಅರ್ಜಿದಾರರ ದನಿ, ಮುಖ, ಗಾಬರಿ ಯಾವುದೂ ಉಳಿದಿರುವುದಿಲ್ಲ. ನೀವು ಬರೆದದ್ದಷ್ಟೇ ಉಳಿದಿರುತ್ತದೆ.

ಪ್ರಶ್ನೆ: ಮೊಮ್ಮಗುವನ್ನು ನೋಡಲು ಬರಬೇಕೆಂದು ನಮ್ಮ ಅಮ್ಮ ವೀಸಾಕ್ಕೆ ಹೋಗಿದ್ದರು. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಪಕ್ಕದಲ್ಲಿ ದುಭಾಷಿ ಇದ್ದರಂತೆ. ದಾಖಲೆಗಳೆಲ್ಲ ಸರಿಯಿದ್ದವು, ಆದರೂ ಮೂರು ನಿಮಿಷದಲ್ಲಿ ಇಲ್ಲ ಎಂದು ಕಳಿಸಿದರು. ದುಭಾಷಿ ತಪ್ಪು ಹೇಳಿರಬಹುದೇ?
– ಒಬ್ಬ ಮಗಳು

ಹೇಳಿರಬಹುದು. ನಾನೇ ಒಮ್ಮೆ ಹೇಳಿದ್ದೇನೆ.

ದುಭಾಷಿಯಾಗಿ ಅದು ನನ್ನ ನಾಲ್ಕನೆಯ ವರ್ಷ. ಆ ದಿನದ ಕೊನೆಯ ಟೋಕನ್‌ಗಳಲ್ಲಿ ಒಂದು. ನಿಮ್ಮ ಅಮ್ಮನಂಥದೇ ಒಬ್ಬ ಅಮ್ಮ ಕೌಂಟರಿನ ಅಂಚು ಹಿಡಿದುಕೊಂಡು ನಿಂತಿದ್ದರು. ಮಗಳಿಗೆ ಹೆರಿಗೆಯಾಗಿ ಎರಡು ತಿಂಗಳಾಗಿತ್ತು. ಅಲ್ಲಿ ಹೋಗಿ ಏನು ಮಾಡುತ್ತೀರಿ ಎಂದು ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಕೇಳಿದೆ. ಅವರು ಹೇಳಿದ್ದು ಮೂರೇ ಪದ: ‘ಮಗೂನ ನೋಡ್ಕೊಂಡು ಬರ್ತೀನಿ.’ ನಾನು ಅಧಿಕಾರಿಗೆ ಇಂಗ್ಲಿಷಿನಲ್ಲಿ ಹೇಳಿದ್ದರ ಅರ್ಥ, ‘ಮಗುವಿನ ಆರೈಕೆ ಮಾಡುತ್ತೇನೆ’ ಎಂದು. ಮಗುವನ್ನು ನೋಡಿಕೊಳ್ಳಲು ಅಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂಬುದು ಮುಂದಿನ ಪ್ರಶ್ನೆ. ‘ಇಲ್ಲ, ಇಬ್ಬರೂ ಕೆಲಸಕ್ಕೆ ಹೋಗ್ತಾರೆ’ ಎಂದರು ಆ ತಾಯಿ. ಅಲ್ಲಿಗೆ ಮುಗಿಯಿತು. ಸಂಬಳವಿಲ್ಲದ ದಾದಿಯಾಗಿ ಹೊರಟಿದ್ದಾರೆ, ಬೇಗ ವಾಪಸಾಗುವ ಸೂಚನೆ ಇಲ್ಲ ಎಂದು ಅಧಿಕಾರಿ ಬರೆದರು. ‘ಏನಂದ್ರಮ್ಮ ಅವರು?’ ಎಂದು ಆ ತಾಯಿ ನನ್ನನ್ನು ಕೇಳಿದರು. ಹೇಳಿದೆ. ‘ಸರಿ ಕಣಮ್ಮ’ ಎಂದು ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನು ಒಂದೊಂದಾಗಿ ತುಂಬಿಕೊಂಡು ಹೋದರು.

ರಾತ್ರಿ ಮಲಗಿದಾಗ ಆ ಮೂರು ಪದ ಮತ್ತೆ ಕಿವಿಗೆ ಬಂತು. ನೋಡ್ಕೊಂಡು ಬರ್ತೀನಿ. ಆಸ್ಪತ್ರೆಯಲ್ಲಿ ಇರುವವರನ್ನು ಅರ್ಧ ಗಂಟೆ ಮಾತಾಡಿಸಲು ಹೊರಟಾಗಲೂ ನಾವು ಹಾಗೇ ಅಲ್ಲವೇ ಹೇಳುವುದು? ನೋಡಿಕೊಳ್ಳುವುದು ಆರೈಕೆ, ನೋಡಿಕೊಂಡು ಬರುವುದು ಹೋಗಿ, ಕಣ್ತುಂಬ ನೋಡಿ, ಹಿಂದಿರುಗುವುದು. ನಾನು ‘ನೋಡ್ಕೊಂಡು’ ಎಂಬುದನ್ನು ಹಿಡಿದುಕೊಂಡು ಕೊನೆಯ ಪದವನ್ನು ಬಿಟ್ಟಿದ್ದೆ. ‘ಬರ್ತೀನಿ’ ಎಂಬುದು ಮಾತಿನ ಬಾಲ ಎಂದುಕೊಂಡಿದ್ದೆ. ಆದರೆ ಭೇಟಿ ವೀಸಾದ ಕಾನೂನು ಕೇಳುವ ಪ್ರಶ್ನೆಯೇ ಅದು: ವಾಪಸು ಬರುತ್ತೀರಾ? ಅಮೆರಿಕದ 1952ರ ವಲಸೆ ಕಾಯ್ದೆಯ 214(ಬಿ) ಕಲಮಿನ ಪ್ರಕಾರ, ಅರ್ಜಿದಾರರು ಅಲ್ಲೇ ನೆಲೆಸಲು ಹೊರಟವರು ಎಂದೇ ಮೊದಲು ಭಾವಿಸಬೇಕು. ಹಾಗಲ್ಲ ಎಂದು ತೋರಿಸಿಕೊಡುವ ಹೊಣೆ ಅರ್ಜಿದಾರರದ್ದು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳ 2009ರ ವೀಸಾ ಸಂಹಿತೆಯೂ ಅವಧಿ ಮುಗಿಯುವ ಮೊದಲು ಹೊರಡುವ ಉದ್ದೇಶವಿದೆಯೇ ಎಂದು ನೋಡಲು ಹೇಳುತ್ತದೆ. ಬ್ರಿಟನ್ನಿನ ನಿಯಮವೂ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತದೆ. ಆ ತಾಯಿ ಉತ್ತರ ಕೊಟ್ಟಿದ್ದರು. ಅದನ್ನು ಅಧಿಕಾರಿಗೆ ಮುಟ್ಟಿಸಬೇಕಾದ ನಾನು ನುಂಗಿಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಒಂದು ಪುಟ ಬರೆದು ಅಧಿಕಾರಿಯ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿ ಕಡತ ವಾಪಸು ತರಿಸಿದರು. ಎರಡನೆಯ ಸಂದರ್ಶನಕ್ಕೆ ಬೇರೆ ದುಭಾಷಿಯನ್ನು ಕೂರಿಸಿದರು, ಅದು ಸರಿಯೇ. ಏಳು ವಾರ ತಡವಾಗಿ ಆ ತಾಯಿಗೆ ವೀಸಾ ಸಿಕ್ಕಿತು. ಎರಡು ತಿಂಗಳ ಮಗುವಿಗೆ ಏಳು ವಾರ ಎಂದರೆ ಅದರ ವಯಸ್ಸಿಗೆ ಹೆಚ್ಚು ಕಡಿಮೆ ಸಮ. ಈ ಲೆಕ್ಕ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ.

ಅಂದಿನಿಂದ ಒಂದು ಪದ ಎರಡು ಕಡೆ ವಾಲುತ್ತದೆ ಅನ್ನಿಸಿದ ಕೂಡಲೇ ಅಧಿಕಾರಿಗೆ ಹೇಳುತ್ತಿದ್ದೆ: ಈ ಮಾತಿಗೆ ಎರಡು ಅರ್ಥವಿದೆ, ಇನ್ನೊಮ್ಮೆ ಕೇಳಲೇ? ಇದು ಅರ್ಜಿದಾರರ ಪರ ವಹಿಸಿದಂತೆ ಎಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದರು. ನಾನು ಒಪ್ಪಲಿಲ್ಲ. ಅರ್ಥವನ್ನು ಊಹಿಸಿ ಹೇಳುವುದು ಪಕ್ಷಪಾತ, ಕೇಳಿ ಹೇಳುವುದು ಕೆಲಸ.

ಇಂಥ ಮಾತುಗಳು ಕನ್ನಡದಲ್ಲಿ ಬೇಕಾದಷ್ಟಿವೆ. ‘ಅಲ್ಲಿ ಕೆಲಸ ಮಾಡ್ತೀನಿ’ ಎಂದರೆ ಈಗ ಮಾಡುತ್ತಿದ್ದೇನೆ ಎಂದೂ ಆಗುತ್ತದೆ, ಮುಂದೆ ಮಾಡಲಿದ್ದೇನೆ ಎಂದೂ ಆಗುತ್ತದೆ. ಪ್ರವಾಸಿ ವೀಸಾ ಕೇಳುವವರು, ತಾವು ಈಗ ಕೆಲಸ ಮಾಡುವ ಕಂಪನಿಯ ಬಗ್ಗೆ ಹೇಳುತ್ತಾ ‘ಅಲ್ಲಿ’ ಎಂದರೆ ಅನಾಹುತ. ‘ನಮ್ಮ ಮನೆಯವರು ಅಲ್ಲಿದ್ದಾರೆ’ ಎಂದರೆ ಗಂಡನೋ, ಇಡೀ ಕುಟುಂಬವೋ? ಗೌರವಕ್ಕೆ ಬಳಸಿದ ಬಹುವಚನ ಎಣಿಕೆಯ ಬಹುವಚನವಾಗಿ ಭಾಷಾಂತರಗೊಂಡದ್ದನ್ನು ಕಂಡಿದ್ದೇನೆ. ಫಾರಂನಲ್ಲಿ ಚಿಕ್ಕಪ್ಪನ ಮಗ ಎಂದು ಬರೆದು, ಬಾಯಲ್ಲಿ ‘ನನ್ನ ತಮ್ಮ’ ಎಂದರೆ, ಸಂಬಂಧವನ್ನೇ ಸುಳ್ಳು ಹೇಳುತ್ತಿದ್ದಾರೆ ಎಂದು ಗೊತ್ತಿಲ್ಲದ ಅಧಿಕಾರಿ ಅಂದುಕೊಳ್ಳಬಹುದು. ಎಲ್ಲಕ್ಕಿಂತ ಅಪಾಯದ್ದು ‘ಹೌದು.’ ‘ನಿಮಗೆ ಹಿಂದೆ ಯಾವತ್ತೂ ವೀಸಾ ನಿರಾಕರಿಸಿಲ್ಲ ಅಲ್ವಾ?’ ಎಂದು ಕೇಳಿದರೆ ನಮ್ಮವರು ‘ಹೌದು’ ಎನ್ನುತ್ತಾರೆ, ಹೌದು, ನಿರಾಕರಿಸಿಲ್ಲ ಎಂಬ ಅರ್ಥದಲ್ಲಿ. ಆ ಒಂದೇ ಪದವನ್ನು ಹಾಗೇ ಇಂಗ್ಲಿಷಿಗೆ ಒಯ್ದರೆ ನಿರಾಕರಿಸಿದ್ದಾರೆ ಎಂದಾಗುವ ಸಂಭವವಿದೆ. ಇಲ್ಲ ಎಂಬುದನ್ನು ಒಳಗಿಟ್ಟುಕೊಂಡ ಪ್ರಶ್ನೆಯನ್ನು ನಾನು ಅಧಿಕಾರಿಯಾದ ಮೇಲೆ ಒಂದು ದಿನವೂ ಕೇಳಲಿಲ್ಲ.

ಈಗ ನೀವು ಮಾಡಬಹುದಾದದ್ದು. ಕೈಗೆ ಕೊಟ್ಟ ನಿರಾಕರಣೆಯ ಹಾಳೆಯನ್ನು ಬಿಸಾಡಬೇಡಿ. ಷೆಂಗೆನ್ ದೇಶವಾದರೆ ಕಾರಣವನ್ನು ನಿಗದಿತ ನಮೂನೆಯಲ್ಲಿ ಬರೆದುಕೊಡಲೇಬೇಕು, ಮೇಲ್ಮನವಿಯ ಹಕ್ಕೂ ಇದೆ. ಅಮೆರಿಕದ 214(ಬಿ) ನಿರಾಕರಣೆಗೆ ಮೇಲ್ಮನವಿ ಇಲ್ಲ, ಹೊಸದಾಗಿ ಅರ್ಜಿ ಹಾಕಬೇಕು. ಅಮ್ಮನನ್ನು ಕೂರಿಸಿಕೊಂಡು ಅವರು ಹೇಳಿದ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ. ಅದರಲ್ಲಿ ಎರಡರ್ಥದ ಮಾತು ಸಿಕ್ಕರೆ ಮುಂದಿನ ಅರ್ಜಿಯ ಜೊತೆ ಅರ್ಧ ಪುಟದಲ್ಲಿ ವಿವರಿಸಿ. ದುಭಾಷಿಯ ಮೇಲೆ ಆರೋಪ ಹೊರಿಸುವ ಅಗತ್ಯವಿಲ್ಲ. ‘ಈ ಮಾತಿನ ಅರ್ಥ ಇದು’ ಎಂದರೆ ಸಾಕು. ಅಂಥದ್ದೇನೂ ಸಿಗದಿದ್ದರೆ ನಿರಾಕರಣೆಗೆ ಬೇರೆ ಕಾರಣವಿದೆ ಎಂದೇ ತಿಳಿದು ಹಾಳೆಯನ್ನು ಮತ್ತೆ ಓದಿ.

ಪ್ರಶ್ನೆ: ನೀವು ಒಳಗಿದ್ದಾಗ ಬಂಧುಬಳಗದವರಿಗೆ ಸಹಾಯ ಮಾಡಿದ್ದುಂಟೇ? ನಿಜ ಹೇಳಿ.
– ಒಬ್ಬ ಓದುಗ

ಇಲ್ಲ. ಗುರುತಿನವರ ಅರ್ಜಿ ಬಂದರೆ ಆ ದಿನವೇ ಮೇಲಧಿಕಾರಿಗೆ ಬರೆದು ತಿಳಿಸಿ ದೂರ ಸರಿಯಬೇಕು. ಯಾರು ಯಾವ ಕಡತವನ್ನು ಎಷ್ಟು ಹೊತ್ತಿಗೆ ತೆರೆದರು ಎಂಬುದು ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ, ಸುಮ್ಮನೆ ಇಣುಕಿದರೂ ಕೆಲಸ ಹೋಗಬಹುದು. ನನ್ನ ಅಕ್ಕನ ಮಗನ ಅರ್ಜಿ ಬಂದಾಗ ಹಾಗೆ ಬರೆದುಕೊಟ್ಟು ಹೊರಗುಳಿದೆ. ಅವನಿಗೆ ಸಿಗಲಿಲ್ಲ. ಅಕ್ಕ ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟಳು. ಯಾಕೆ ಸಿಗಲಿಲ್ಲ ಎಂದು ಕೇಳಿದಳು; ನನಗೆ ಗೊತ್ತಿರಲಿಲ್ಲ, ಅದನ್ನು ಅವಳು ನಂಬಲಿಲ್ಲ. ಈ ಕೆಲಸಕ್ಕೆ ಸೇರುವವರು ಮನೆಯಲ್ಲಿ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪ್ರಶ್ನೆ: ರಾಯಭಾರ ಕಚೇರಿಯ ಒಳಗೆ ಕಾಲಿಟ್ಟರೆ ಆ ದೇಶದ ನೆಲವೇ ಅನ್ನುತ್ತಾರೆ. ಹಾಗಿದ್ದರೆ ಅಲ್ಲಿ ಕೆಲಸ ಮಾಡುವವರಿಗೆಲ್ಲ ರಾಜತಾಂತ್ರಿಕ ರಕ್ಷಣೆ ಇರುತ್ತದೆಯೇ?
– ಒಬ್ಬ ಕಾನೂನು ವಿದ್ಯಾರ್ಥಿ

ನೆಲ ಕಚೇರಿ ಇರುವ ದೇಶದ್ದೇ. ರಾಜತಾಂತ್ರಿಕ ಸಂಬಂಧಗಳ ಬಗೆಗಿನ 1961ರ ವಿಯೆನ್ನಾ ಒಪ್ಪಂದದ 22ನೆಯ ವಿಧಿಯಂತೆ, ಕಚೇರಿಯ ಮುಖ್ಯಸ್ಥರ ಒಪ್ಪಿಗೆಯಿಲ್ಲದೆ ಆ ದೇಶದ ಪೊಲೀಸರು ಕಚೇರಿಯೊಳಗೆ ಬರುವಂತಿಲ್ಲ. ಜನ ಇದನ್ನೇ ‘ಬೇರೆ ದೇಶದ ನೆಲ’ ಎಂದು ಹೇಳುವುದು. ಬಂಧನ, ಮೊಕದ್ದಮೆಗಳಿಂದ ಸಿಗುವ ರಕ್ಷಣೆಯೂ ಎಲ್ಲರಿಗೂ ಒಂದೇ ಅಲ್ಲ. ಕಚೇರಿ ಇರುವ ದೇಶದ ಪ್ರಜೆಯೇ ಅಲ್ಲಿ ನೌಕರನಾದರೆ, ಆ ದೇಶ ಎಷ್ಟು ಒಪ್ಪುತ್ತದೋ ಅಷ್ಟೇ ರಕ್ಷಣೆ ಎನ್ನುತ್ತದೆ 38ನೆಯ ವಿಧಿ. ನನ್ನ ಬಳಿ ಇದ್ದದ್ದು ಒಂದು ಗುರುತಿನ ಚೀಟಿ, ಅಷ್ಟೆ. ವೀಸಾ ಕೊಡುವುದು ಕಾನ್ಸುಲರ್ ಕೆಲಸ ಎಂದು ಹೇಳುವುದು ಇನ್ನೊಂದು ಒಪ್ಪಂದ, 1963ರದ್ದು, ಅದರ 5ನೆಯ ವಿಧಿ. ನೀವು ಎರಡನ್ನೂ ಜೊತೆಗಿಟ್ಟು ಓದಿ.

ಪ್ರಶ್ನೆ: ಎಂಟು ತಿಂಗಳಿಂದ ಒಂದು ವೀಸಾ ಕೌಂಟರಿನಲ್ಲಿದ್ದೇನೆ. ಕನ್ನಡದವರು ಬಂದರೆ ಕನ್ನಡದಲ್ಲೇ ಮಾತಾಡಿಸುತ್ತೇನೆ. ಅವರ ಮುಖ ಅರಳುತ್ತದೆ. ಆಮೇಲೆ ಇಲ್ಲ ಅನ್ನಬೇಕಾಗಿ ಬಂದಾಗ ದ್ರೋಹ ಮಾಡಿದ ಹಾಗೆ ಅನ್ನಿಸಿ ರಾತ್ರಿ ನಿದ್ದೆ ಬರುವುದಿಲ್ಲ. ಕನ್ನಡ ಬಾರದವಳಂತೆ ಇದ್ದುಬಿಡಲೇ, ಮೇಡಂ?
– ಹೆಸರು ಬೇಡ

ಬೇಡಮ್ಮ. ಹಾಗೆ ಮಾತ್ರ ಮಾಡಬೇಡಿ. ಭಾಷೆ ಗೊತ್ತಿದ್ದೂ ಗೊತ್ತಿಲ್ಲದವರಂತೆ ಕೂತರೆ, ಅವರು ಪಕ್ಕದವರೊಡನೆ ಆಡಿಕೊಳ್ಳುವ ಮಾತೆಲ್ಲ ನಿಮ್ಮ ಕಿವಿಗೆ ಬೀಳುತ್ತದೆ. ಅದು ಕದ್ದು ಕೇಳಿದಂತೆ. ನಾನು ಮೊದಲ ವಾಕ್ಯದಲ್ಲೇ ಹೇಳುತ್ತಿದ್ದೆ: ‘ನನಗೆ ಕನ್ನಡ ಬರುತ್ತದೆ. ನಿಮಗೆ ಯಾವ ಭಾಷೆ ಸಲೀಸೋ ಅದರಲ್ಲಿ ಹೇಳಿ. ಯಾವುದರಲ್ಲಿ ಹೇಳಿದರೂ ನಾನು ನೋಡುವುದು ಒಂದೇ ನಿಯಮ.’ ಮೂರನೆಯ ವಾಕ್ಯವನ್ನು ಬಿಡಬೇಡಿ. ಅರಳಿದ ಮುಖ ಬಾಡುವ ನೋವು ನಿಮ್ಮನ್ನು ಕಾಡುತ್ತಿದೆಯಲ್ಲ, ಅದು ಬಹಳ ಮಟ್ಟಿಗೆ ಈ ವಾಕ್ಯ ಹೇಳದೆ ಹೋದದ್ದರಿಂದ ಬರುತ್ತದೆ.

ಹೇಳುವ ರೀತಿಯ ಬಗ್ಗೆಯೂ ಒಂದೆರಡು ಮಾತು. ಕೌಂಟರಿನಲ್ಲಿ ‘ನೋಡೋಣ’ ಎಂಬ ಪದ ಬಾಯಿಂದ ಬರಬಾರದು. ನಿಮ್ಮ ಪಾಲಿಗೆ ಅದು ಮಾತು ಮುಗಿಸುವ ಉಪಾಯ, ಕೇಳುವವರಿಗೆ ಭರವಸೆ. ಅವರು ಮನೆಗೆ ಹೋಗಿ ‘ನೋಡೋಣ ಅಂದಿದ್ದಾರೆ’ ಎಂದು ಹೇಳಿ ಟಿಕೆಟ್ ಕಾಯ್ದಿರಿಸುತ್ತಾರೆ. ‘ವೀಸಾ ಕೊಡಲು ಆಗ್ತಾ ಇಲ್ಲ’ ಎಂಬುದೂ ಸರಿಯಲ್ಲ. ಯಾವುದೋ ಯಂತ್ರ ಕೆಟ್ಟಿದೆ, ನಾಳೆ ಸರಿಹೋಗುತ್ತದೆ ಎಂಬ ಅರ್ಥ ಅದರಲ್ಲಿ ಬಂದುಬಿಡುತ್ತದೆ. ‘ನಿರಾಕರಿಸಲಾಗಿದೆ’ ಎಂದರೆ ಯಾರು ನಿರಾಕರಿಸಿದರು ಎಂಬುದೇ ಇಲ್ಲ. ಬಹಳ ವರ್ಷ ತಡಕಾಡಿ ನಾನು ಬಂದು ನಿಂತದ್ದು ಇಲ್ಲಿ: ‘ಈ ಅರ್ಜಿಗೆ ನಾನು ವೀಸಾ ಕೊಡುತ್ತಿಲ್ಲ. ಕಾರಣ ಈ ಹಾಳೆಯಲ್ಲಿದೆ, ಓದಿ ಹೇಳುತ್ತೇನೆ.’ ಆಮೇಲೆ ಹಾಳೆಯಲ್ಲಿದ್ದುದನ್ನು ಕನ್ನಡದಲ್ಲಿ ನಿಧಾನವಾಗಿ ಹೇಳುತ್ತಿದ್ದೆ. ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ. ಆ ಒಂದು ನಿಮಿಷಕ್ಕಾಗಿ ನಾನು ಮೇಲಿನವರ ಜೊತೆ ವಾದ ಮಾಡಿದ್ದೇನೆ. ಭಾಷೆ ಬಲ್ಲ ಅಧಿಕಾರಿಯಿಂದ ಅರ್ಜಿದಾರರಿಗೆ ಸಲ್ಲಬೇಕಾದದ್ದು ಅದು. ವೀಸಾ ಸಿಗಲಿ ಬಿಡಲಿ, ಯಾಕೆ ಎಂಬುದು ತಮ್ಮ ಭಾಷೆಯಲ್ಲಿ ತಿಳಿಯಬೇಕು.

ನೀವು ಬರೆಯದ ಇನ್ನೊಂದು ಅಪಾಯವಿದೆ. ದುಭಾಷಿಯ ಕುರ್ಚಿಯಿಂದ ಅಧಿಕಾರಿಯ ಕುರ್ಚಿಗೆ ಬಂದ ಮೊದಲ ವರ್ಷ ನಾನು ಕನ್ನಡದವರ ಮೇಲೆ ಹೆಚ್ಚು ಬಿಗಿಯಾಗಿದ್ದೆ. ನಮ್ಮವರಿಗೆ ಒಲಿಯುತ್ತಾಳೆ ಎಂದು ಯಾರೂ ಹೇಳಬಾರದು ಎಂಬ ಭಯ. ಬೇರೆಯವರನ್ನು ನಾಲ್ಕು ಪ್ರಶ್ನೆಗೆ ಬಿಟ್ಟರೆ ನಮ್ಮವರಿಗೆ ಏಳು ಕೇಳುತ್ತಿದ್ದೆ. ಮೇಲಧಿಕಾರಿ ಒಂದು ಮಧ್ಯಾಹ್ನ ನನ್ನದೇ ಇಪ್ಪತ್ತು ಕಡತಗಳನ್ನು ಮುಂದಿಟ್ಟು, ‘ಈ ಹತ್ತಕ್ಕೂ ಆ ಹತ್ತಕ್ಕೂ ವ್ಯತ್ಯಾಸ ಏನು, ನೀವೇ ನೋಡಿ’ ಎಂದರು. ನೋಡಿದೆ. ನಾನು ಹಾಗೆ ಬಿಗಿ ಹಿಡಿದದ್ದರಿಂದ ಕೆಲವರಿಗೆ ಅನ್ಯಾಯವಾಗಿತ್ತು, ಎಲ್ಲವನ್ನೂ ಸರಿಪಡಿಸಲು ಆಗಲಿಲ್ಲ. ನೀವು ತಿಂಗಳಿಗೊಮ್ಮೆ ನಿಮ್ಮ ಹತ್ತು ನಿರಾಕರಣೆಗಳನ್ನು ಹೀಗೆ ತೆಗೆದು ಓದಿ. ನಿದ್ದೆ ಬಾರದ ರಾತ್ರಿ ಎದೆಯೊಳಗೆ ತಿರುವಿಹಾಕುವುದಕ್ಕಿಂತ ಹಗಲಿನಲ್ಲಿ ಕಡತ ತೆಗೆದು ಓದುವುದರಿಂದ ಅರ್ಜಿದಾರರಿಗೆ ಏನಾದರೂ ಪ್ರಯೋಜನವಿದೆ. ತಪ್ಪು ಕಂಡರೆ ಹೋಗಿ ಹೇಳಿ, ನಾಚಿಕೆಪಡಬೇಡಿ.

ಪ್ರಶ್ನೆ: ನನಗೆ ಒಂದೇ ಹೆಸರು, ಮನೆತನದ ಹೆಸರು ಎಂಬುದಿಲ್ಲ. ಅಂಕಪಟ್ಟಿಯಲ್ಲಿ ಒಂದು ಕಾಗುಣಿತ, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ವೀಸಾಕ್ಕೆ ತೊಂದರೆಯೇ?
– ಒಬ್ಬ ಯುವಕ

ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲು ನೋಡಿ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 9303 ಸಂಖ್ಯೆಯ ದಾಖಲೆಯಂತೆ ಒಂದೊಂದು ಸಾಲಿಗೆ 44 ಮನೆ. ಮೊದಲ ಸಾಲಿನಲ್ಲಿ ಐದು ಮನೆ ದಾಖಲೆಯ ಬಗೆಗೂ ದೇಶಕ್ಕೂ ಹೋಗುತ್ತದೆ, ಹೆಸರಿಗೆ ಉಳಿಯುವುದು 39. ಹೆಸರಿನ ಜಾಗದಲ್ಲಿ ಇರಬಹುದಾದದ್ದು 26 ಇಂಗ್ಲಿಷ್ ದೊಡ್ಡಕ್ಷರ, ಆ ಬಾಣದ ಗುರುತು ಅಷ್ಟೆ. ನಮ್ಮ ಲ, ಳ ಎರಡಕ್ಕೂ ಒಂದೇ ಅಕ್ಷರ. ದೀರ್ಘಕ್ಕೆ ಒಬ್ಬ ಗುಮಾಸ್ತರು ಒಂದು ‘ಎ’ ಹಾಕಿದರೆ ಇನ್ನೊಬ್ಬರು ಎರಡು. ಕನ್ನಡ ಬಲ್ಲವರು ಕೌಂಟರಿನಲ್ಲಿದ್ದರೆ ಇದು ಒಂದೇ ಹೆಸರು ಎಂದು ತಕ್ಷಣ ಗೊತ್ತಾಗುತ್ತದೆ. ಇಲ್ಲದಿದ್ದರೆ ಎರಡು ಬೇರೆ ಜನ ಎಂಬ ಅನುಮಾನ ಬರಬಹುದು.

ಒಂದೇ ಹೆಸರಿನವರು ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ, ಅದು ನಿರಾಕರಣೆಗೆ ಕಾರಣವಲ್ಲ. ಅಮೆರಿಕದ ವೀಸಾದಲ್ಲಿ ಖಾಲಿ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಬರೆಯುತ್ತಾರೆ, ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಅದು ನಿಮ್ಮ ಹೆಸರಾಗಿಬಿಟ್ಟಿತೆಂದು ಗಾಬರಿಯಾಗಬೇಡಿ. ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆ ಅಕ್ಷರಕ್ಕೆ ಅಕ್ಷರ ಬರೆಯಿರಿ. ಚಂದ ಕಾಣಲೆಂದು ತಿದ್ದಬೇಡಿ. ಅಂಕಪಟ್ಟಿಯ ವ್ಯತ್ಯಾಸವನ್ನು ಪತ್ರದಲ್ಲಿ ಎರಡು ಸಾಲು ಬರೆದು ತಿಳಿಸಿ.

ಪ್ರಶ್ನೆ: ನಿಯಮ ಮೀರಿ ವೀಸಾ ಕೊಟ್ಟು ಜೀವ ಉಳಿಸಿದ ಅಧಿಕಾರಿಗಳೂ ಇದ್ದರಲ್ಲ? ನಿಮಗೆ ಅಂಥ ಆಸೆ ಬಂದದ್ದುಂಟೇ?
– ಒಬ್ಬ ಇತಿಹಾಸ ಶಿಕ್ಷಕಿ

ನನ್ನ ಕಪಾಟಿನ ಒಳಬಾಗಿಲಿಗೆ ಚಿಯುನೆ ಸುಗಿಹಾರ ಅವರ ಫೋಟೋ ಅಂಟಿಸಿಕೊಂಡಿದ್ದೆ. ಜಪಾನಿನವರು. ಚೀನಾದ ಹಾರ್ಬಿನ್ ನಗರದಲ್ಲಿ ರಷ್ಯನ್ ಕಲಿತವರು, ಆ ಭಾಷೆಯೇ ಅವರನ್ನು ಲಿಥುವೇನಿಯಾದ ಕೌನಾಸ್‌ಗೆ ಉಪಕಾನ್ಸುಲ್ ಆಗಿ ತಂದದ್ದು. 1940ರ ಬೇಸಿಗೆಯಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಬಂದ ಯಹೂದಿಗಳು ಅವರ ಗೇಟಿನ ಮುಂದೆ ನಿಂತಿದ್ದರು. ಜಪಾನಿನ ಮೂಲಕ ಹಾದುಹೋಗುವ ವೀಸಾ ಕೊಡಬೇಕಾದರೆ ಮುಂದಿನ ದೇಶ ಯಾವುದೆಂದು ತೋರಿಸಬೇಕಿತ್ತು. ಅದೇ ಊರಿನ ಡಚ್ ಕಾನ್ಸುಲ್ ಯಾನ್ ಜ್ವಾರ್ಟೆಂಡೈಕ್, ಡಚ್ಚರ ವಸಾಹತಾಗಿದ್ದ ಕೆರಿಬಿಯನ್ ಸಮುದ್ರದ ಕ್ಯುರಸಾವೊ ದ್ವೀಪಕ್ಕೆ ಹೋಗಲು ವೀಸಾ ಬೇಕಿಲ್ಲ ಎಂದು ಅವರ ಕಾಗದಗಳಲ್ಲಿ ಬರೆದುಕೊಟ್ಟರು. ಆ ಒಂದು ಸಾಲಿನ ಮೇಲೆ, ಟೋಕಿಯೊದ ಒಪ್ಪಿಗೆಯಿಲ್ಲದೆ, ಸುಗಿಹಾರ ದಿನವಿಡೀ ಕೈಯಲ್ಲೇ ಬರೆದು ಎರಡು ಸಾವಿರಕ್ಕೂ ಹೆಚ್ಚು ವೀಸಾ ಕೊಟ್ಟರು. 1947ರಲ್ಲಿ ಅವರ ಕೆಲಸ ಹೋಯಿತು. ನಾಜಿಗಳ ಕೈಯಲ್ಲಿ ಸತ್ತ ಯಹೂದಿಗಳ ನೆನಪಿಗಾಗಿ ಇಸ್ರೇಲಿನಲ್ಲಿರುವ ಯಾದ್ ವಶೆಮ್ ಸಂಸ್ಥೆ ಸುಗಿಹಾರ ಅವರನ್ನು ಗೌರವಿಸಿದ್ದು 1984ರಲ್ಲಿ.

ಆಸೆ ಬಂದದ್ದುಂಟು. ಆದರೆ ನನ್ನ ಕೌಂಟರಿನ ಮುಂದೆ ನಿಂತವರು ಸಾವಿನಿಂದ ಓಡುತ್ತಿರಲಿಲ್ಲ. ಮದುವೆಗೋ ಓದಿಗೋ ಮಗಳ ಮನೆಗೋ ಹೊರಟವರು. ಅವರಿಗೆ ನಾನು ನಿಯಮ ಮುರಿದು ಕೊಡಬೇಕಾದದ್ದು ಏನೂ ಇರಲಿಲ್ಲ. ನಿಯಮದ ಒಳಗೇ ಕೊಡಬೇಕಾಗಿದ್ದ ಗಮನವನ್ನೇ ಎಷ್ಟೋ ದಿನ ಪೂರ್ತಿ ಕೊಟ್ಟಿಲ್ಲ. ಫೋಟೋ ಅಂಟಿಸಿಕೊಂಡದ್ದು ಅದಕ್ಕೆ. ಮಧ್ಯಾಹ್ನ ಒಂದು ಗಂಟೆಗೆ, ತೊಂಬತ್ತನೆಯ ಟೋಕನ್ ಬಂದಾಗ, ಬೆಳಿಗ್ಗೆಯ ಮೊದಲನೆಯವರಿಗೆ ಕೊಟ್ಟ ಕಿವಿಯನ್ನೇ ಇವರಿಗೂ ಕೊಡುವುದು ಬಹಳ ಕಷ್ಟ. ಕೈ ಸೋತರೂ ಬರೆಯುತ್ತಲೇ ಇದ್ದ ಮನುಷ್ಯನ ಮುಖ ಆಗ ಬೇಕಾಗುತ್ತಿತ್ತು.

ಪ್ರಶ್ನೆ: ಮುಂದಿನ ವಾರ ನಮ್ಮ ತಂದೆಯವರ ಸಂದರ್ಶನ. ವಯಸ್ಸು 74, ಕನ್ನಡ ಮಾತ್ರ ಬರುತ್ತದೆ, ಕಿವಿ ಸ್ವಲ್ಪ ಮಂದ. ಉತ್ತರಗಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸುತ್ತಿದ್ದೇನೆ. ಸರಿಯೇ?
– ಒಬ್ಬ ಮಗ

ಇವತ್ತೇ ನಿಲ್ಲಿಸಿ. ಬಾಯಿಪಾಠದ ಇಂಗ್ಲಿಷ್ ಉತ್ತರ ಕೇಳಿದ ಅಧಿಕಾರಿ, ಇವರಿಗೆ ಇಂಗ್ಲಿಷ್ ಬರುತ್ತದೆ ಎಂದುಕೊಂಡು ಮುಂದಿನ ಪ್ರಶ್ನೆಯನ್ನು ವೇಗವಾಗಿ ಕೇಳುತ್ತಾರೆ. ಅದಕ್ಕೆ ನೀವು ಪಾಠ ಮಾಡಿಸಿರುವುದಿಲ್ಲ. ಅಪಾಯಿಂಟ್‌ಮೆಂಟ್ ಪತ್ರ ನೋಡಿ, ಕನ್ನಡದ ದುಭಾಷಿ ಬೇಕೆಂದು ತಿಳಿಸಲು ಅವಕಾಶವಿದ್ದರೆ ಈಗಲೇ ತಿಳಿಸಿ. ಇಲ್ಲದಿದ್ದರೆ ಅವರು ಕೌಂಟರಿಗೆ ಹೋದ ಕೂಡಲೇ ‘ಕನ್ನಡ’ ಎಂದು ಒಂದೇ ಪದ ಹೇಳಲಿ. ಯಾಕೆ ಹೋಗುತ್ತಿದ್ದಾರೆ, ಎಷ್ಟು ದಿನ, ಯಾರ ಮನೆಯಲ್ಲಿ ಇರುತ್ತಾರೆ, ಖರ್ಚು ಯಾರದು, ವಾಪಸು ಯಾವಾಗ ಎಂಬುದು ಅವರಿಗೆ ಸ್ಪಷ್ಟವಿದ್ದರೆ ಸಾಕು, ಮಾತು ಅವರದ್ದೇ ಇರಲಿ. ವಾಪಸು ಬರುವ ತಿಂಗಳನ್ನು ಬಾಯಿಬಿಟ್ಟು ಹೇಳಲಿ. ‘ಹೋಗಿ ಬರ್ತೀನಿ’ ಎಂದು ನಿಲ್ಲಿಸದೆ ‘ಇಂಥ ತಿಂಗಳು ವಾಪಸು ಬರ್ತೀನಿ’ ಎನ್ನಲಿ.

ಗಾಜಿನ ಹಿಂದಿನ ಮೈಕಿನ ದನಿ ಒಡೆದು ಬರುತ್ತದೆ, ಚೆನ್ನಾಗಿ ಕಿವಿ ಕೇಳುವವರಿಗೂ ಕಷ್ಟ. ಮುಜುಗರಕ್ಕೆ ಸುಮ್ಮನೆ ತಲೆಯಾಡಿಸುವುದು ಬೇಡ, ಕೇಳಿಸಲಿಲ್ಲ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಶ್ರವಣಯಂತ್ರ ಇದ್ದರೆ ಹೊಸ ಬ್ಯಾಟರಿ ಹಾಕಿಸಿ, ಹಾಕಿಕೊಂಡೇ ಹೋಗಲಿ. ಎಲೆಕ್ಟ್ರಾನಿಕ್ ವಸ್ತುಗಳನ್ನು ಒಳಗೆ ಬಿಡದ ಕಚೇರಿಗಳಿವೆ. ಹಾಗಾಗಿ ಬಾಗಿಲಲ್ಲಿ ಭದ್ರತಾ ಸಿಬ್ಬಂದಿಗೆ ಅದು ಕಿವಿಯ ಯಂತ್ರ ಎಂದು ಮೊದಲೇ ಹೇಳಿ ತೋರಿಸಲಿ.